ಲಾರಾ ನೀರೋ ಹಾಡುಗಳು ಬೇರೆಯವರ ಕಂಠದಲ್ಲೇ ಏಕೆ ಗೆದ್ದವು?

ಎಲ್‌ಪಿ ಸಂದೂಕ:

1969ರ ನವೆಂಬರ್ ತಿಂಗಳ ಬಿಲ್‌ಬೋರ್ಡ್ ಪಟ್ಟಿಯನ್ನು, ಅಂದರೆ ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯನ್ನು, ತೆಗೆದು ನೋಡಿ. ಫಿಫ್ತ್ ಡೈಮೆನ್ಷನ್ ತಂಡದ 'ವೆಡ್ಡಿಂಗ್ ಬೆಲ್ ಬ್ಲೂಸ್' ಮೂರು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಬ್ಲಡ್, ಸ್ವೆಟ್ ಆಂಡ್ ಟಿಯರ್ಸ್ ಹಾಡಿದ 'ಆಂಡ್ ವೆನ್ ಐ ಡೈ' ಎರಡನೇ ಸ್ಥಾನದವರೆಗೆ ಹೋಯಿತು. ಥ್ರೀ ಡಾಗ್ ನೈಟ್ ಹಾಡಿದ 'ಈಲೈಸ್ ಕಮಿಂಗ್' ಅವುಗಳ ಬೆನ್ನಿಗೇ ಹೊರಟು ಹತ್ತನೇ ಸ್ಥಾನ ಮುಟ್ಟಿತು. ಮೊದಲನೆಯದು ಲಾಸ್ ಏಂಜಲೀಸಿನ ಕಪ್ಪು ಗಾಯಕರ ತಂಡ, ಎರಡನೆಯದು ಜಾಸ್ ತುತ್ತೂರಿಗಳನ್ನು ರಾಕ್ ಸಂಗೀತದೊಳಕ್ಕೆ ಎಳೆದು ತಂದವರು, ಮೂರನೆಯದು ಅಪ್ಪಟ ರಾಕ್ ತಂಡ. ಮೂರು ಹಾಡುಗಳ ಸಾಹಿತ್ಯವೂ ಸಂಗೀತವೂ ಒಬ್ಬರದೇ: ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿ ಬೆಳೆದ, ಆಗಷ್ಟೇ 22 ತುಂಬಿದ್ದ ಲಾರಾ ನೀರೋ.

ಇನ್ನು ಗಾಯಕಿಯಾಗಿ ಅವರ ಲೆಕ್ಕ ನೋಡಿ. ಬಿಲ್‌ಬೋರ್ಡಿನ ಮೊದಲ ನೂರು ಹಾಡುಗಳಲ್ಲಿ ಅವರ ಸ್ವಂತ ಧ್ವನಿ ಕಾಣಿಸಿಕೊಂಡದ್ದು ಒಂದೇ ಸಲ, 1970ರಲ್ಲಿ, ಅದೂ 92ನೇ ಸ್ಥಾನದಲ್ಲಿ. ಆ ಹಾಡು 'ಅಪ್ ಆನ್ ದ ರೂಫ್'. ಅದನ್ನು ಬರೆದವರು ಕ್ಯಾರೊಲ್ ಕಿಂಗ್ ಮತ್ತು ಜೆರ್ರಿ ಗಾಫಿನ್! ತನ್ನ ಹಾಡುಗಳನ್ನು ಊರಿಗೆಲ್ಲ ಹಂಚಿದವರಿಗೆ ಪಟ್ಟಿಯೊಳಗೆ ಕಾಲಿಡಲು ಬೇರೆಯವರ ಹಾಡೇ ಬೇಕಾಯಿತು.

ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ, ಅವರ ಕಂಠ ರೇಡಿಯೊಗೆ ಒಗ್ಗುವಂಥದ್ದಲ್ಲ ಎಂದು. ನನಗೆ ಅದು ಒಪ್ಪಿಗೆಯಿಲ್ಲ. ಬೇರೆಯವರು ಈ ಹಾಡುಗಳನ್ನು ಎತ್ತಿಕೊಂಡಾಗ ಏನನ್ನು ಬಿಟ್ಟರು ಎಂಬುದನ್ನು ನೋಡಬೇಕು. ಏರುಪೇರುಗಳನ್ನು ಸಮ ಮಾಡಿದರು, ನಡುವೆ ತಡೆದು ನಿಲ್ಲುವ ಜಾಗಗಳನ್ನು ತುಂಬಿಸಿದರು. ಹಾಗೆ ಕಳೆದುಹೋದದ್ದೇ ಲಾರಾ ಅವರ ನಿಜವಾದ ಸ್ವತ್ತು ಎಂಬುದು ನನ್ನ ವಾದ. ತಿಳಿದವರು ಮಾತನಾಡಿ.

ಬಸವನಗುಡಿ ಬೆಂಚು:

ಸಂದೂಕದವರೇ, ಪ್ರತಿ ಗೀತರಚನೆಕಾರರನ್ನೂ 'ಎಲೆಮರೆಯ ಕಾಯಿ' ಎಂದು ಕರೆಯುವುದು ಈಗ ಒಂದು ಚಾಳಿಯಾಗಿದೆ. ನಿಮ್ಮ ಮಾತು ಕೇಳಿ ನಿನ್ನೆ ರಾತ್ರಿ 'ವೆಡ್ಡಿಂಗ್ ಬೆಲ್ ಬ್ಲೂಸ್'ನ ಎರಡೂ ಆವೃತ್ತಿಗಳನ್ನು ಕೂತು ಕೇಳಿದೆ. ಲಾರಾ ಮೇಲಿನ ಸ್ಥಾಯಿಗೆ ಹೋದಾಗ ಕಿವಿ ಮುಚ್ಚಿಕೊಳ್ಳುವಂತಾಗುತ್ತದೆ. ಫಿಫ್ತ್ ಡೈಮೆನ್ಷನ್ ತಂಡದ ಮರಿಲಿನ್ ಮೆಕೂ 'ವೆಡ್ಡಿಂಗ್ ಬೆಲ್ ಬ್ಲೂಸ್' ಹಾಡಿದರೆ ಆ ಹುಡುಗಿಗೆ ನಿಜವಾಗಿಯೂ ಮದುವೆಯಾಗಬೇಕಿದೆ ಎನ್ನಿಸುತ್ತದೆ. ಹಾಡಿನಲ್ಲಿ ಬರುವ ಹುಡುಗನ ಹೆಸರು ಬಿಲ್, ಅದೇ ತಂಡದಲ್ಲಿದ್ದ ಆಕೆಯ ಇನಿಯ ಬಿಲ್ಲಿ ಡೇವಿಸ್, 1969ರಲ್ಲೇ ಅವರಿಬ್ಬರ ಮದುವೆಯೂ ಆಯಿತು. ಇಂಥ ಯೋಗ ಕೂಡಿಬಂದರೆ ಹಾಡು ಗೆಲ್ಲದೆ ಇನ್ನೇನು? ಬರೆದವರೇ ಚೆನ್ನಾಗಿ ಹಾಡಬೇಕು ಎಂಬ ನಿಯಮ ಎಲ್ಲಿದೆ?

ಹಾರ್ಮೋನಿಯಂ ಮೇಷ್ಟ್ರು:

ಬೆಂಚಿನವರು ಕಿವಿ ಮುಚ್ಚಿಕೊಳ್ಳುವ ಮೊದಲು ಕೈಗಳನ್ನು ಕೀಲಿಮಣೆಯ ಮೇಲೆ ಇಡಲಿ ಎಂದು ವಿನಂತಿ.

ಸಿ ಸ್ವರವನ್ನು ಷಡ್ಜ ಎಂದುಕೊಳ್ಳಿ. ಬಲಗೈಯಲ್ಲಿ ಮ-ದ-ಸ ಮೂರನ್ನೂ ಒಟ್ಟಿಗೆ ಒತ್ತಿ, ಅಂದರೆ ಎಫ್ ಮೇಜರ್. ಎಡಗೈಯಲ್ಲಿ ಮಂದ್ರದ ಪಂಚಮವನ್ನು ಹಿಡಿಯಿರಿ. ಪಂಚಮವನ್ನು ಕೇಳಿದ ಕೂಡಲೇ ಕಿವಿ ಇನ್ನೇನು ಷಡ್ಜಕ್ಕೆ ಬಂದೇ ಬಿಡುತ್ತೇವೆ ಎಂದು ಕಾಯುತ್ತದೆ. ಆದರೆ ಮೇಲಿರುವ ಮ-ದ-ಸ ಅದನ್ನು ಬರಲು ಬಿಡುವುದಿಲ್ಲ. ಮನೆಯ ಹೊಸ್ತಿಲ ಮೇಲೆ ನಿಲ್ಲಿಸಿ ಒಳಗೂ ಕರೆಯದೆ ಹೊರಗೂ ಕಳಿಸದೆ ಇರುವ ಸ್ಥಿತಿ. ಲಾರಾ ಅವರ ಹಾಡುಗಳಲ್ಲಿ ಇಂಥ ಜೋಡಣೆಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಜಾಸ್‌ನವರಿಗೆ ಇದು ಹೊಸದಲ್ಲ, ಚರ್ಚಿನಲ್ಲಿ ಗಾಸ್ಪೆಲ್ ಪಿಯಾನೊ ನುಡಿಸುವವರಿಗೂ ಹೊಸದಲ್ಲ. ಆದರೆ ಅದನ್ನು ತಂದು ಹದಿಹರೆಯದ ಹುಡುಗಿಯರು ಗುಂಪಾಗಿ ಹಾಡುವ ಮೂರು ನಿಮಿಷದ ಪ್ರೇಮಗೀತೆಯ ಕೆಳಗೆ ಇಟ್ಟದ್ದು ಲಾರಾ ಅವರ ಕೈಚಳಕ.

ಎರಡನೆಯದು ಕಾಲ, ಅಂದರೆ ಹಾಡಿನ ವೇಗ. 1968ರ 'ಈಲೈ ಆಂಡ್ ದ ಥರ್ಟೀನ್ತ್ ಕನ್ಫೆಷನ್' ಆಲ್ಬಂನ ಹಾಡುಗಳಲ್ಲಿ ಲಯ ಒಂದೇ ವೇಗದಲ್ಲಿ ನಿಲ್ಲುವುದು ಅಪರೂಪ. 'ಈಲೈಸ್ ಕಮಿಂಗ್' ಶುರುವಾಗುವುದು ತಾಳದ ಹಂಗಿಲ್ಲದೆ ಎಳೆದು ಹಾಡುವ ಎಚ್ಚರಿಕೆಯಿಂದ. ಹುಡುಗಿಯೊಬ್ಬಳಿಗೆ ಹೃದಯ ಮುಚ್ಚಿಟ್ಟುಕೋ, ಅವನು ಬರುತ್ತಿದ್ದಾನೆ ಎನ್ನುವ ಎಚ್ಚರಿಕೆ. ಆಮೇಲೆ ಇದ್ದಕ್ಕಿದ್ದಂತೆ ದ್ರುತ ಲಯ. ಅವನು ಬಂದೇ ಬಿಟ್ಟ ಎಂದು ಪದ ಹೇಳುವುದಕ್ಕಿಂತ ಮೊದಲೇ ಲಯ ಹೇಳುತ್ತದೆ. ಹಿನ್ನೆಲೆಯಲ್ಲಿ ಒಂದರ ಮೇಲೊಂದು ಏರಿ ಬರುವ ಧ್ವನಿಗಳೆಲ್ಲ ಲಾರಾ ಅವರವೇ. ಒಬ್ಬರೇ ಮತ್ತೆ ಮತ್ತೆ ಹಾಡಿ ಧ್ವನಿಮುದ್ರಿಕೆಯಲ್ಲಿ ಕೂಡಿಸಿದ್ದು. ಆ ಆಲ್ಬಂಗೆ ವಾದ್ಯ ಸಂಯೋಜನೆ ಮಾಡಿದ ಚಾರ್ಲಿ ಕಲೆಲೊ ಅವರ ದೊಡ್ಡ ಗುಣವೆಂದರೆ ಈ ಓಲಾಟವನ್ನು ತಿದ್ದಲು ಹೋಗದೆ ವಾದ್ಯಗಳನ್ನೇ ಅದರ ಹಿಂದೆ ಓಡಿಸಿದ್ದು.

ಮೇಲಿನ ಸ್ಥಾಯಿಯ ಬಗ್ಗೆ ಹೇಳುವುದಾದರೆ, ಹೌದು, ಅಲ್ಲಿ ಧ್ವನಿ ಸೀಳುತ್ತದೆ. ಸೀಳಬೇಕಾದ ಪದದ ಮೇಲೆಯೇ ಸೀಳುತ್ತದೆ, ಅಷ್ಟೇ.

ತಾಳದ ತಮ್ಮಣ್ಣ:

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಫಿಫ್ತ್ ಡೈಮೆನ್ಷನ್ ಧ್ವನಿಮುದ್ರಿಕೆಗಳಲ್ಲಿ ಡ್ರಮ್ ನುಡಿಸಿದವರು ಹಾಲ್ ಬ್ಲೇನ್, ಬಾಸ್ ಗಿಟಾರ್ ಜೋ ಆಸ್ಬರ್ನ್. ಲಾಸ್ ಏಂಜಲೀಸಿನ ಸ್ಟುಡಿಯೊಗಳಲ್ಲಿ ಆ ಕಾಲದ ಅರ್ಧ ಜನಪ್ರಿಯ ಹಾಡುಗಳ ಹಿಂದೆ ಇದ್ದ ಕೈಗಳು ಇವೇ. ನಿರ್ಮಾಪಕ ಬೋನ್ಸ್ ಹೋವ್. ಇವರ ಕೈಗೆ ಹಾಡು ಸಿಕ್ಕರೆ ನಡಿಗೆ ನೇರವಾಗುತ್ತದೆ, ಕುಣಿಯುವವರಿಗೆ ಕಾಲು ತಪ್ಪುವುದಿಲ್ಲ. ಲಾರಾ ಬರೆದು ಇವರು ಹಾಡಿದ 'ಸ್ಟೋನ್ಡ್ ಸೋಲ್ ಪಿಕ್ನಿಕ್' 1968ರಲ್ಲಿ ಮೂರನೇ ಸ್ಥಾನಕ್ಕೆ ಏರಿದ್ದರಲ್ಲಿ ಆ ಲಯದ ಪಾಲು ದೊಡ್ಡದು. ಆ ಹಾಡಿದ್ದ ಲಾರಾ ಅವರ ಮೂಲ ಆಲ್ಬಂ 'ಈಲೈ' ಅದೇ ವರ್ಷ ಬಂದು ಆಲ್ಬಂಗಳ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದು 181ನೇ ಸ್ಥಾನದಲ್ಲಿ. ನಾನು ಡ್ರಮ್ ಕಲಿಯುವವನಾಗಿ ಬ್ಲೇನ್ ಪಕ್ಷ. ಕೇಳುವವನಾಗಿ ಯಾವ ಪಕ್ಷವೆಂದು ಇನ್ನೂ ಗೊತ್ತಾಗಿಲ್ಲ.

ನ್ಯೂಜೆರ್ಸಿ ಕನ್ನಡತಿ:

ಇಲ್ಲಿ ಹಳೆಯ ಹಾಡುಗಳ ರೇಡಿಯೊ ವಾಹಿನಿಗಳಲ್ಲಿ 'ವೆಡ್ಡಿಂಗ್ ಬೆಲ್ ಬ್ಲೂಸ್' ಇಂದಿಗೂ ಕೇಳಿಬರುತ್ತದೆ. ದಿನಸಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತ ಅರವತ್ತು ದಾಟಿದ ಹೆಂಗಸರು ಗುನುಗುತ್ತಾರೆ. ಯಾರು ಬರೆದದ್ದು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ನೀವು ಯಾರೂ ಅವರ ಮನೆಯ ಸಂಗತಿ ಹೇಳಲಿಲ್ಲ. ತಂದೆ ಲೂಯಿ ಪಿಯಾನೊ ಶ್ರುತಿ ಮಾಡುವ ಕಸುಬಿನವರು, ಜಾಸ್ ತುತ್ತೂರಿಯನ್ನೂ ನುಡಿಸುತ್ತಿದ್ದರು. ತಾಯಿ ಲೆಕ್ಕಪತ್ರ ಬರೆಯುತ್ತಿದ್ದರು. ಒಂದು ಕಡೆ ಇಟಲಿಯ ಬೇರು, ಇನ್ನೊಂದು ಕಡೆ ರಷ್ಯಾದಿಂದ ಬಂದ ಯಹೂದಿಗಳ ಬೇರು. ಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯದ ಡೆಬ್ಯುಸಿ, ರಾವೆಲ್, ಜಾಸ್‌ನ ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್. ಹೊರಗೆ ಬಂದರೆ ಸಬ್‌ವೇ ಎಂಬ ನೆಲದಡಿಯ ರೈಲಿನ ನಿಲ್ದಾಣಗಳಲ್ಲಿ ಹುಡುಗರ ಜೊತೆ ಸೇರಿ ವಾದ್ಯವಿಲ್ಲದೆ ಮೇಳೈಸಿ ಹಾಡುವುದು. ಅಲ್ಲಿನ ಗೋಡೆಗಳು ಧ್ವನಿಯನ್ನು ಹಿಗ್ಗಿಸಿ ಮರಳಿಸುತ್ತಿದ್ದವಲ್ಲ, ಆ ಪ್ರತಿಧ್ವನಿಯ ರುಚಿ ಹತ್ತಿದವರೇ ಮುಂದೆ ಸ್ಟುಡಿಯೊದಲ್ಲಿ ತನ್ನ ಕಂಠವನ್ನೇ ನಾಲ್ಕಾರು ಪದರ ಮಾಡಿಕೊಂಡರು ಎಂದು ನನಗೆ ಅನ್ನಿಸುತ್ತದೆ.

'ಆಂಡ್ ವೆನ್ ಐ ಡೈ' ಹದಿಹರೆಯದಲ್ಲಿ ಬರೆದದ್ದು! ನಾನು ಸತ್ತಾಗ ಇನ್ನೊಂದು ಮಗು ಹುಟ್ಟಿ ಲೋಕವನ್ನು ಮುಂದುವರಿಸುತ್ತದೆ ಎಂಬ ಮಾತು ಆ ವಯಸ್ಸಿನಲ್ಲಿ. ಮೊದಲು ಅದನ್ನು ಪೀಟರ್, ಪಾಲ್ ಆಂಡ್ ಮೇರಿ ಜನಪದ ಧಾಟಿಯಲ್ಲಿ 1966ರಲ್ಲಿ ಹಾಡಿದರು. ಆಮೇಲೆ ಬ್ಲಡ್, ಸ್ವೆಟ್ ಆಂಡ್ ಟಿಯರ್ಸ್‌ನವರು ಮೌತ್ ಆರ್ಗನ್, ಕುದುರೆ ಗೊರಸಿನ ಸದ್ದು ಎಲ್ಲ ಸೇರಿಸಿ ಕೌಬಾಯ್ ಸಿನಿಮಾ ಮಾಡಿಬಿಟ್ಟರು. ಅದೇ ಹಾಡು ಜನಪದಕ್ಕೂ ಒಪ್ಪುತ್ತದೆ, ಜಾಸ್‌ಗೂ ಒಪ್ಪುತ್ತದೆ, ಕೌಬಾಯ್‌ಗೂ ಒಪ್ಪುತ್ತದೆ ಎಂದರೆ ಮೂಲದಲ್ಲೇ ಅವೆಲ್ಲ ಇದ್ದವು ಎಂದಲ್ಲವೇ? ಸಂದೂಕದವರು ಕಳೆದುಹೋದದ್ದರ ಬಗ್ಗೆ ಮಾತ್ರ ಹೇಳುತ್ತಿದ್ದಾರೆ. ನನಗೆ ಕಾಣುವುದು ಬೇರೆ. ಒಂದೇ ಹಾಡಿನಲ್ಲಿ ಐದು ಬಗೆಯ ಸಂಗೀತ ಇದ್ದುದರಿಂದ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದನ್ನು ಎತ್ತಿಕೊಂಡು ಹೋದರು. ಐದೂ ಒಟ್ಟಿಗೆ ಬೇಕೆನ್ನುವವರು ಕಡಿಮೆ.

ಇನ್ನೊಂದು ವಿಚಿತ್ರ. ಬ್ರಾಂಕ್ಸ್‌ನ ಬಿಳಿ ಹುಡುಗಿ ಬರೆದ, ಕಪ್ಪು ಜನರ ಸೋಲ್ ಶೈಲಿಯ ಹಾಡುಗಳನ್ನು ಹಾಡಿ ಗೆದ್ದ ಕಪ್ಪು ತಂಡಕ್ಕೆ 'ನೀವು ಸಾಕಷ್ಟು ಕಪ್ಪಲ್ಲ' ಎಂಬ ಟೀಕೆ ಬಂತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1969ರಲ್ಲಿ ನಡೆದ ಸಂಗೀತೋತ್ಸವದ ಕುರಿತ 2021ರ ಸಾಕ್ಷ್ಯಚಿತ್ರ 'ಸಮರ್ ಆಫ್ ಸೋಲ್'ನಲ್ಲಿ ಮರಿಲಿನ್ ಮೆಕೂ ಅದನ್ನು ನೆನೆದು ಕಣ್ಣೀರಾಗುತ್ತಾರೆ. ಅಂಗಡಿಯ ಯಾವ ಕಪಾಟಿನಲ್ಲಿಡಬೇಕು ಎಂಬ ಪ್ರಶ್ನೆ ಬರೆದವರನ್ನೂ ಕಾಡಿತು, ಹಾಡಿದವರನ್ನೂ ಬಿಡಲಿಲ್ಲ.

ಲೆಕ್ಕದ ಪುಸ್ತಕ:

ಎಲ್ಲರೂ ರಾಗದ ಬಗ್ಗೆ ಮಾತನಾಡುತ್ತಿದ್ದೀರಿ, ನಾನು ರೊಕ್ಕದ ಬಗ್ಗೆ ಹೇಳುತ್ತೇನೆ.

ಅಮೆರಿಕದ ಕಾನೂನಿನಲ್ಲಿ ಹಾಡು ಬೇರೆ, ಧ್ವನಿಮುದ್ರಿಕೆ ಬೇರೆ. ಒಂದು ಹಾಡು ಒಮ್ಮೆ ಧ್ವನಿಮುದ್ರಿಕೆಯಾಗಿ ಹೊರಬಂದ ಮೇಲೆ ಯಾರು ಬೇಕಾದರೂ ನಿಗದಿತ ಶುಲ್ಕ ಕೊಟ್ಟು ಅದನ್ನು ಹಾಡಿ ಮಾರಬಹುದು, ಬರೆದವರ ಒಪ್ಪಿಗೆಗೆ ಕಾಯಬೇಕಿಲ್ಲ. ಆ ಶುಲ್ಕವನ್ನು 1909ರ ಕಾಯಿದೆ ಪ್ರತಿಗೆ ಎರಡು ಸೆಂಟ್ ಎಂದು ಗೊತ್ತುಮಾಡಿತು. 1978ರವರೆಗೆ ಅದು ಬದಲಾಗಲೇ ಇಲ್ಲ. ಹತ್ತು ಲಕ್ಷ ಪ್ರತಿ ಮಾರಾಟವಾದರೆ 20,000 ಡಾಲರ್. ಅದನ್ನು ಬರೆದವರೂ ಹಾಡಿನ ಹಕ್ಕು ನೋಡಿಕೊಳ್ಳುವ ಪ್ರಕಾಶನ ಸಂಸ್ಥೆಯೂ ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತಾರೆ. ಇದರ ಮೇಲೆ ರೇಡಿಯೊ. ಅಲ್ಲಿನ ರೇಡಿಯೊ ಕೇಂದ್ರಗಳು ಹಾಡು ಬಿತ್ತರಿಸಿದಾಗ ಸಂಭಾವನೆ ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡಿದವರಿಗೆ ಬಿಡಿಗಾಸೂ ಇಲ್ಲ. ಕನ್ನಡತಿಯವರ ಊರಿನ ರೇಡಿಯೊದಲ್ಲಿ ಆ ಹಾಡು ಬಂದಾಗಲೆಲ್ಲ ಜನಕ್ಕೆ ನೆನಪಾಗುವುದು ಹಾಡಿದವರು, ಹಣ ಹೋಗುವುದು ಹಾಡಿನ ಒಡೆತನ ಇದ್ದವರಿಗೆ.

ಇದನ್ನು ಚೆನ್ನಾಗಿ ಅರಿತಿದ್ದವರು ಡೇವಿಡ್ ಗೆಫನ್. ಕಲಾವಿದರ ಏಜೆನ್ಸಿಯ ಅಂಚೆ ಕೋಣೆಯಲ್ಲಿ ಕಾಗದ ಹಂಚುತ್ತಾ ಮೇಲೆ ಬಂದ ಯುವಕ. ಲಾರಾ ಅವರ ವ್ಯವಸ್ಥಾಪಕರಾದ ಕೂಡಲೇ ಇಬ್ಬರೂ ಸೇರಿ ಟ್ಯೂನಾ ಫಿಶ್ ಮ್ಯೂಸಿಕ್ ಎಂಬ ಪ್ರಕಾಶನ ಸಂಸ್ಥೆ ಮಾಡಿದರು, ಸಮಪಾಲು. ಹಾಡುಗಳು ಒಂದೊಂದಾಗಿ ಗೆಲ್ಲುತ್ತಿದ್ದಾಗ, 1969ರಲ್ಲಿ, ಅದನ್ನು ಕೊಲಂಬಿಯಾ ರೆಕಾರ್ಡ್ ಕಂಪನಿಯ ಒಡೆತನವಿದ್ದ ಸಿಬಿಎಸ್‌ಗೆ 45 ಲಕ್ಷ ಡಾಲರಿಗೆ ಮಾರಿದರು. ಅರ್ಧ ಗೆಫನ್ ಅವರಿಗೆ, ಅರ್ಧ ಲಾರಾ ಅವರಿಗೆ. ಆದ್ದರಿಂದ ದಯವಿಟ್ಟು ಆಕೆಯನ್ನು 'ಮೋಸಹೋದ ಕಲಾವಿದೆ'ಯರ ಸಾಲಿಗೆ ಸೇರಿಸಬೇಡಿ.

ಬಸವನಗುಡಿ ಬೆಂಚು:

ಭಲೇ ಲೆಕ್ಕದವರೇ! ನಾನು ಇದನ್ನೇ ಹೇಳಲು ಒದ್ದಾಡುತ್ತಿದ್ದೆ.

ನಮ್ಮಲ್ಲಿ ಸುಗಮ ಸಂಗೀತದಲ್ಲಿ ಕವಿ ಒಬ್ಬರು, ಧಾಟಿ ಕೂಡಿಸಿದವರು ಒಬ್ಬರು, ಹಾಡುವವರು ಇನ್ನೊಬ್ಬರು. ಅದನ್ನು ಅನ್ಯಾಯ ಎನ್ನುತ್ತೇವೆಯೇ? ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿಯೇ ಇರಲಿ ಎಂದು ಸರ್ಕಾರ ಆದೇಶ ಮಾಡಿದ್ದು 2022ರಲ್ಲಿ. ಅವರು ತೀರಿಕೊಂಡದ್ದು 1995ರಲ್ಲಿ. ಅಷ್ಟು ವರ್ಷ ಶಾಲೆ ಶಾಲೆಗಳಲ್ಲಿ ಮಕ್ಕಳು ಹಾಡುತ್ತಿದ್ದಾಗ ಧಾಟಿ ಯಾರದೆಂದು ಎಷ್ಟು ಜನ ಕೇಳಿದರು?

ಲೆಕ್ಕದ ಪುಸ್ತಕ:

ಹೋಲಿಕೆ ಅರ್ಧ ಸರಿ, ಅರ್ಧ ತಪ್ಪು. ನಮ್ಮ ಸಿನಿಮಾ ಗೀತರಚನೆಕಾರರು ಒಂದು ಮೊತ್ತ ಪಡೆದು ಹಕ್ಕು ಬಿಟ್ಟುಕೊಡುವುದೇ ರೂಢಿಯಾಗಿತ್ತು. 1977ರ ಸುಪ್ರೀಂ ಕೋರ್ಟ್ ತೀರ್ಪು ನಿರ್ಮಾಪಕರ ಕೈಯನ್ನೇ ಬಲಪಡಿಸಿತು. ರಚನೆಕಾರರ ಗೌರವಧನದ ಪಾಲನ್ನು ಕಾನೂನು ಕಾಪಾಡಿದ್ದು 2012ರ ತಿದ್ದುಪಡಿಯ ನಂತರ. ಲಾರಾ ಅವರ ಕಡೆ ಆಗಲೇ ಕಾನೂನಿತ್ತು, ಪಕ್ಕದಲ್ಲಿ ಗೆಫನ್ ಇದ್ದರು.

ಎಲ್‌ಪಿ ಸಂದೂಕ:

ಹಣ ಬಂತು, ಆದ್ದರಿಂದ ದೂರುವಂತಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನಾನು ಕೇಳಿದ್ದು ಬಡತನದ ಬಗ್ಗೆ ಅಲ್ಲ, ಕೇಳುವಿಕೆಯ ಬಗ್ಗೆ.

ಬೆಂಚಿನವರು ಮೆಚ್ಚಿದ 'ವೆಡ್ಡಿಂಗ್ ಬೆಲ್ ಬ್ಲೂಸ್'ನ ಕಥೆಯನ್ನೇ ತೆಗೆದುಕೊಳ್ಳಿ. ಲಾರಾ ಅದನ್ನು ಮೂಲದಲ್ಲಿ ಕಟ್ಟಿದ್ದು ನಡುನಡುವೆ ವೇಗ ಬದಲಿಸುವ ಒಂದು ಪುಟ್ಟ ಗುಚ್ಛವಾಗಿ. ಮೊದಲ ಆಲ್ಬಂ 'ಮೋರ್ ದ್ಯಾನ್ ಎ ನ್ಯೂ ಡಿಸ್ಕವರಿ'ಗೆ ನಿರ್ಮಾಪಕರಾಗಿದ್ದವರು ಮಿಲ್ಟ್ ಓಕನ್, ವಾದ್ಯ ಸಂಯೋಜಕರು ಹರ್ಬ್ ಬರ್ನ್‌ಸ್ಟೀನ್. ಅಲ್ಲಿಯೇ ಆ ಏರಿಳಿತಗಳನ್ನು ಕತ್ತರಿಸಿ ಒಂದೇ ನಡಿಗೆಗೆ ತಂದರು. ಅಂದರೆ ಫಿಫ್ತ್ ಡೈಮೆನ್ಷನ್‌ನವರು ಕೈಹಾಕುವ ಹೊತ್ತಿಗೇ ಹಾಡು ಅರ್ಧ ಪಳಗಿಸಿ ಆಗಿತ್ತು. ಬರೆದವರ ಸ್ವಂತ ರೆಕಾರ್ಡಿನಲ್ಲೇ ಬರೆದವರ ಮಾತು ನಡೆಯಲಿಲ್ಲ. ಅಷ್ಟೆಲ್ಲ ಮಾಡಿಯೂ ಅವರ ಕಂಠದಲ್ಲಿ ಬಿಡಿಯಾಗಿ ಬಂದ ಆ ಹಾಡು ನೂರರ ಪಟ್ಟಿಯ ಹೊರಗೇ, 103ರಲ್ಲಿ ನಿಂತಿತು!

ಇನ್ನು ಕ್ಯಾಲಿಫೋರ್ನಿಯಾದಲ್ಲಿ ನಡೆದ 1967ರ ಮಾಂಟೆರೆ ಪಾಪ್ ಉತ್ಸವ. ಹಿಪ್ಪಿಗಳ ನಡುವೆ ಕಪ್ಪು ಗೌನು ತೊಟ್ಟು, ಹಿನ್ನೆಲೆ ಗಾಯಕಿಯರೊಂದಿಗೆ ಬಂದ ಈ ಹುಡುಗಿಯನ್ನು ಪ್ರೇಕ್ಷಕರು ಕೂಗಿ ಓಡಿಸಿದರು ಎಂಬ ಕಥೆ ದಶಕಗಳ ಕಾಲ ಅಚ್ಚಾಯಿತು. ಲಾರಾ ಕೂಡ ಹಾಗೆಯೇ ನಂಬಿ ನೊಂದುಕೊಂಡಿದ್ದರು. ಸಾಕ್ಷ್ಯಚಿತ್ರಕಾರ ಪೆನ್ನೆಬೇಕರ್ ಅವರ ತಂಡ ಚಿತ್ರಿಸಿದ್ದ ದೃಶ್ಯಗಳು ಕೊನೆಗೆ ಹೊರಬಂದಾಗ ಅಂಥ ಕೂಗಾಟವೇನೂ ಅದರಲ್ಲಿ ಕೇಳಿಸಲಿಲ್ಲ. ಅಷ್ಟರಲ್ಲಿ ಲಾರಾ ಬದುಕಿರಲಿಲ್ಲ. ಇದಕ್ಕೆ ಯಾವ ಲೆಕ್ಕದ ಪುಸ್ತಕದಲ್ಲಿ ಜಮಾ ಬರೆಯುತ್ತೀರಿ?

ನ್ಯೂಜೆರ್ಸಿ ಕನ್ನಡತಿ:

ಸಂದೂಕದವರೇ, ಆಕೆಯನ್ನು ಅಷ್ಟೊಂದು ಅಸಹಾಯಕಳನ್ನಾಗಿ ಮಾಡಬೇಡಿ. ಕೊಲಂಬಿಯಾ ರೆಕಾರ್ಡ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಮುಂದೆ ಹಾಡಿ ತೋರಿಸುವಾಗ ಕೋಣೆಯ ದೀಪವನ್ನೆಲ್ಲ ಆರಿಸಿ, ಟಿ.ವಿ. ಪರದೆಯ ಬೆಳಕೊಂದನ್ನೇ ಉಳಿಸಿಕೊಂಡವರು ಆಕೆ. 'ಈಲೈ' ಆಲ್ಬಂನ ಸಾಹಿತ್ಯದ ಹಾಳೆಗೆ ಸುಗಂಧ ಬೆರೆಸಿ ಅಚ್ಚು ಹಾಕಿಸಿದವರು. ಸ್ಟುಡಿಯೊದಲ್ಲಿ ವಾದಕರಿಗೆ ಸ್ವರ ಹೇಳುವ ಬದಲು ಬಣ್ಣ ಹೇಳಿ, ಈ ಜಾಗ ನೇರಳೆ ಇರಲಿ ಎನ್ನುತ್ತಿದ್ದವರು. ಗೆಫನ್ ತಮ್ಮದೇ ಅಸೈಲಂ ಕಂಪನಿ ತೆರೆದಾಗ ಲಾರಾ ಬಂದೇ ಬರುತ್ತಾರೆ ಎಂದುಕೊಂಡಿದ್ದರು. ಆಕೆ ಹೋಗಲಿಲ್ಲ, ಕೊಲಂಬಿಯಾದಲ್ಲೇ ಉಳಿದರು. 24ನೇ ವಯಸ್ಸಿಗೆ ಮದುವೆಯಾಗಿ ಸಂಗೀತದ ವ್ಯಾಪಾರದಿಂದಲೇ ಎದ್ದು ನಡೆದರು. 1976ರಲ್ಲಿ 'ಸ್ಮೈಲ್' ಆಲ್ಬಂನೊಂದಿಗೆ ಮರಳಿದರೂ ಹಳೆಯ ಪೈಪೋಟಿಗೆ ಇಳಿಯಲಿಲ್ಲ. 1997ರಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಾಗ 49 ವರ್ಷ. ತಾಯಿಯೂ ಅದೇ ರೋಗದಿಂದ, ಅದೇ ವಯಸ್ಸಿನಲ್ಲಿ ಹೋಗಿದ್ದರು.

ಗೀತರಚನೆಕಾರರ ಗೌರವ ಪಟ್ಟಿಗೆ 2010ರಲ್ಲಿ, ರಾಕ್ ಆಂಡ್ ರೋಲ್ ಗೌರವ ಪಟ್ಟಿಗೆ 2012ರಲ್ಲಿ ಹೆಸರು ಸೇರಿತು. ತಡವಾಗಿ ಬಂದ ಹಾರ ತುರಾಯಿ, ನಮಗೆ ಹೊಸದೇನಲ್ಲ.

ಹೊಸ ಕೇಳುಗ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದೂ ಹಾಡು ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಹಾರ್ಮೋನಿಯಂ ಮೇಷ್ಟ್ರು:

'ಈಲೈ'ಯಿಂದ. ಹದಿಮೂರು ಹಾಡು, ಕ್ರಮ ಬದಲಿಸದೆ ಕೇಳಿ. ಅದು ಹಿಡಿಸಿದರೆ 1969ರ 'ನ್ಯೂಯಾರ್ಕ್ ಟೆಂಡಬೆರಿ'. ಅಲ್ಲಿ ಪಿಯಾನೊ, ಕಂಠ, ಆಗಾಗ ಮೇಲೆರಗುವ ವಾದ್ಯಗಳು, ಮಿಕ್ಕಿದ್ದು ಮೌನ. ಕಷ್ಟದ ಆಲ್ಬಂ. ಆದರೂ 32ನೇ ಸ್ಥಾನಕ್ಕೆ ಹೋಯಿತು, ಬೆಂಚಿನವರು ಗಮನಿಸಬೇಕು. ಎಲ್ಟನ್ ಜಾನ್ ಅವರ ಆರಂಭದ 'ಬರ್ನ್ ಡೌನ್ ದ ಮಿಷನ್' ಗೊತ್ತಿದ್ದರೆ ಅದನ್ನೂ ಪಕ್ಕದಲ್ಲಿಟ್ಟು ಕೇಳಿ. ಅದರ ಲಯದ ಜಿಗಿತಗಳು ಎಲ್ಲಿಂದ ಬಂದವು ಎಂದು ಅವರೇ ಹೇಳಿಕೊಂಡಿದ್ದಾರೆ.

ನ್ಯೂಜೆರ್ಸಿ ಕನ್ನಡತಿ:

ನಾನು ಬೇರೆ ದಾರಿ ಹೇಳುತ್ತೇನೆ. 1971ರ 'ಗಾನಾ ಟೇಕ್ ಎ ಮಿರಾಕಲ್'. ಫಿಲಡೆಲ್ಫಿಯಾದಲ್ಲಿ ಲಬೆಲ್ ತಂಡದ ಮೂವರು ಗಾಯಕಿಯರ ಜೊತೆ ಹಾಡಿದ್ದು, ನಿರ್ಮಾಪಕರು ಗ್ಯಾಂಬಲ್ ಮತ್ತು ಹಫ್. ಅದರಲ್ಲಿ ಲಾರಾ ಬರೆದ ಒಂದೂ ಹಾಡಿಲ್ಲ! ಸಬ್‌ವೇ ನಿಲ್ದಾಣದಲ್ಲಿ ಹಾಡುತ್ತಿದ್ದ ಕಾಲದ ಹಾಡುಗಳೇ ಎಲ್ಲ. ಬೇರೆಯವರ ಹಾಡನ್ನು ತನ್ನದಾಗಿಸಿಕೊಳ್ಳುವುದು ಹೇಗೆ ಎಂದು ಒಮ್ಮೆ ತೋರಿಸಿಕೊಟ್ಟರು ಎಂದೇ ನಾನು ತಿಳಿದಿದ್ದೇನೆ.

ಬಸವನಗುಡಿ ಬೆಂಚು:

ಟೆಂಡಬೆರಿ ಕೇಳುತ್ತೇನೆ, ಮೇಷ್ಟ್ರ ಮುಖ ನೋಡಿ. ಮರಿಲಿನ್ ಮೆಕೂ ಅವರನ್ನು ಮಾತ್ರ ಬಿಟ್ಟುಕೊಡುವವನಲ್ಲ. ನನ್ನ ಬಳಿ ಮೈಲ್ಸ್ ಡೇವಿಸ್ ರೆಕಾರ್ಡುಗಳು ಕಪಾಟಿನ ತುಂಬ ಇವೆ, ಅವುಗಳ ಪಕ್ಕ ಜಾಗ ಕೊಡಬಹುದೋ ಹೇಗೋ ನೋಡೋಣ.

ಎಲ್‌ಪಿ ಸಂದೂಕ:

ಬೆಂಚಿನವರೇ, ಆ ಕಪಾಟಿನಲ್ಲಿ 'ಮೈಲ್ಸ್ ಡೇವಿಸ್ ಅಟ್ ಫಿಲ್ಮೋರ್' ಇದ್ದರೆ ಹೊರತೆಗೆಯಿರಿ. 1970ರ ಜೂನ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನಾಲ್ಕು ರಾತ್ರಿ ನುಡಿಸಿದ್ದರ ಧ್ವನಿಮುದ್ರಣ ಅದು. ಆ ನಾಲ್ಕೂ ರಾತ್ರಿ ಮೈಲ್ಸ್ ನುಡಿಸಿದ್ದು ಮುಖ್ಯ ಕಲಾವಿದರಿಗಿಂತ ಮೊದಲು. ಮುಖ್ಯ ಕಲಾವಿದೆ ಲಾರಾ ನೀರೋ.